ಪಕ್ಕದ ಕಾಯಿ

ತಿಪಟೂರು ಬಸ್ ಸ್ಟ್ಯಾಂಡಿನ ಎದುರಿಗೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಯೋಗೀಶನ ಮಿಕ್ಸಿಂಗ್ ಸ್ಟುಡಿಯೋ ಇತ್ತು. ಮದುವೆಯ ಗಂಡುಹೆಣ್ಣನ್ನು ಒಂದು ಕೆಂಪು ಹೃದಯದೊಳಗೆ ಕೂರಿಸಿ, ಆ ಹೃದಯವನ್ನು ಗಿರ್ರನೆ ತಿರುಗಿಸಿ, ಕೊನೆಗೆ ಗುಲಾಬಿ ಹೂವಿನೊಳಗೆ ಮಾಯ ಮಾಡುವ ಕೆಲಸಕ್ಕೆ ಆಗ ಮಿಕ್ಸಿಂಗ್ ಎನ್ನುತ್ತಿದ್ದರು. ಎರಡು ಸಾವಿರದ ಆರರ ಸುಮಾರಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮದುವೆಯಾದವರಲ್ಲಿ ಅರ್ಧದಷ್ಟು ಜನ ಯೋಗೀಶನ ಗುಲಾಬಿಯೊಳಗೆ ಒಮ್ಮೆ ಮಾಯವಾಗಿ ಬಂದವರೇ.

ನಾಲ್ಕು ಕಂಪ್ಯೂಟರುಗಳ ಮುಂದೆ ನಾಲ್ಕು ಜನ ಕೂತು ಈ ಕೆಲಸ ಮಾಡುತ್ತಿದ್ದರು. ಆದರೆ ಮದುವೆಗಳು ಆ ಕಂಪ್ಯೂಟರುಗಳಲ್ಲಿ ಇರುತ್ತಿರಲಿಲ್ಲ. ಒಳಗಡೆ ಒಂದು ಪುಟ್ಟ ಕೋಣೆ, ಕೋಣೆಯಲ್ಲಿ ಸೊಂಟದೆತ್ತರದ ಒಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ಎಂಟು ಗೂಡು, ಗೂಡಿಗೊಂದು ಹಾರ್ಡ್ ಡಿಸ್ಕ್. ಅಲ್ಲಿಂದ ನಾಲ್ಕು ಕಂಪ್ಯೂಟರಿಗೂ ವೈರು. ಎಲ್ಲ ಮದುವೆಗಳೂ ಆ ಎಂಟರ ಮೇಲೆ ಹರಡಿಕೊಂಡು ಇರುತ್ತಿದ್ದವು. ಒಬ್ಬರು ಮುಹೂರ್ತ ಕತ್ತರಿಸುತ್ತಿದ್ದರೆ ಇನ್ನೊಬ್ಬರು ಅದೇ ಮದುವೆಯ ಆರತಕ್ಷತೆಗೆ ಹಾಡು ಕೂರಿಸಬಹುದಿತ್ತು. ಪೆಟ್ಟಿಗೆ ನಿಂತರೆ ಮಾತ್ರ ನಾಲ್ವರೂ ಕೈಕಟ್ಟಿ ಕೂರಬೇಕು. ಯೋಗೀಶ ಅದನ್ನು ಸರ್ವರ್ ಎನ್ನುತ್ತಿದ್ದ. ದ್ರಾಕ್ಷಾಯಣಮ್ಮ ಅಟ್ಟ ಎನ್ನುತ್ತಿದ್ದರು. ಮೂರು ವರ್ಷದಲ್ಲಿ ಸ್ಟುಡಿಯೋದವರೆಲ್ಲ ಅಟ್ಟ ಎನ್ನುವುದಕ್ಕೇ ಬಂದಿದ್ದರು.

ದ್ರಾಕ್ಷಾಯಣಮ್ಮ ಅರಳಗುಪ್ಪೆಯ ಸೊಸೆ. ಗಂಡ ತೋಂಟದಾರ್ಯನವರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ತೂಕದ ಕೆಲಸಕ್ಕೆ ಸೇರಿದ ಮೇಲೆ ಇಬ್ಬರೂ ಪೇಟೆಗೆ ಬಂದು ರೈಲ್ವೆ ಗೇಟಿನ ಆಚೆ ಮನೆ ಮಾಡಿದರು. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಆಕೆ ಅತ್ತೆಮನೆಯ ಕೊಬ್ಬರಿ ಅಟ್ಟ ನೋಡಿಕೊಂಡವರು. ಈ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಒಡೆಯುವುದಿಲ್ಲ. ಇಡೀ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಸುಮ್ಮನೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಸುಮ್ಮನೆ ಬಿಡುವುದು ಎನ್ನುವುದು ಗಂಡಸರ ಮಾತು. ವಾರಕ್ಕೊಮ್ಮೆ ಏಣಿ ಹತ್ತಿ, ಬಗ್ಗಿ ನಡೆದು, ಮೂಸಿ, ಮುಟ್ಟಿ, ಕೊಳೆತ ಕಾಯಿ ಯಾವುದೆಂದು ಹುಡುಕಿ ಕೆಳಗೆ ಎಸೆಯುವವರು ಯಾರಾದರೂ ಇರಲೇಬೇಕು. ಆ ಮನೆಯಲ್ಲಿ ಅದು ಹೆಂಗಸರ ಪಾಲಿಗೆ ಬಂದಿತ್ತು. ಅತ್ತೆ ಕಲ್ಲಮ್ಮನವರ ಕ್ರಮವೂ ಬಿಗಿ. ಕೊಳೆತದ್ದನ್ನು ಎಸೆದರೆ ಸಾಲದು, ಅದರ ರಸ ತಾಗಿದ ಪಕ್ಕದ ಕಾಯಿಯನ್ನೂ ಹೊರಗೆ ತೆಗೆಯಬೇಕು, ಬಟ್ಟೆಯಲ್ಲಿ ಒರೆಸಬೇಕು, ಗವಾಕ್ಷಿಯ ಹತ್ತಿರ ಸ್ವಲ್ಪ ಹೊತ್ತು ಗಾಳಿಗೆ ಇಟ್ಟು ಮತ್ತೆ ಅದರ ಜಾಗಕ್ಕೇ ಸೇರಿಸಬೇಕು. ಪಕ್ಕದ್ದನ್ನು ಮರೆತ ವಾರ ಕಲ್ಲಮ್ಮನವರು ಮೂರು ದಿನ ಮಾತು ಬಿಡುತ್ತಿದ್ದರು.

ಸ್ಟುಡಿಯೋಗೆ ದ್ರಾಕ್ಷಾಯಣಮ್ಮ ಬಂದದ್ದು ಕಸ ಗುಡಿಸಿ ಟೀ ತರುವ ಕೆಲಸಕ್ಕೆ. ಪೆಟ್ಟಿಗೆಯನ್ನು ತುಮಕೂರಿನಿಂದ ತಂದು ಕೂರಿಸಿದ ಕಾಂತೇಶ್ ಎಂಬ ಮೆಕ್ಯಾನಿಕ್, ಇದಕ್ಕೆ ವಾರವಾರ ಆರೈಕೆ ಬೇಕು, ಯಾರು ಮಾಡುತ್ತೀರಿ ಎಂದು ಕೇಳಿದ. ಮಿಕ್ಸಿಂಗಿನವರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರಿಗೂ ಹೃದಯ ತಿರುಗಿಸುವ ಕೆಲಸವೇ ಬೇಕು, ಧೂಳು ಹೊಡೆಯುವ ಕೆಲಸ ಯಾರಿಗೂ ಬೇಡ. ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ದ್ರಾಕ್ಷಾಯಣಮ್ಮ ತಾವೇ ಹೇಳಿದರು:

“ನಂಗೆ ತೋರ್ಸಪ್ಪ. ನಾನು ನೋಡ್ಕಂತೀನಿ.”

ಯೋಗೀಶ ನಕ್ಕ. ಕಾಂತೇಶ್ ನಗಲಿಲ್ಲ. ಅರ್ಧ ದಿನ ಕೂತು ತೋರಿಸಿಕೊಟ್ಟ. ಹಸಿರು ದೀಪ ಇದ್ದರೆ ಸರಿ, ಕೆಂಪು ಬಂದರೆ ಆ ಡಿಸ್ಕ್ ಕೆಟ್ಟಿದೆ ಎಂದು ಅರ್ಥ. ಒಂದು ಕೆಟ್ಟರೆ ಉಳಿದ ಏಳು ಅದರ ಭಾರವನ್ನೂ ಹೊತ್ತು ನಡೆಸುತ್ತವೆ, ಕೆಲಸ ನಿಲ್ಲುವುದಿಲ್ಲ. ಹಳೆಯದನ್ನು ಹೀಗೆ ಎಳೆದು ಹೊಸದನ್ನು ಹೀಗೆ ನೂಕಬೇಕು. “ಒಂದು ಸಲಕ್ಕೆ ಒಂದೇ ಅಮ್ಮಾರೇ, ಅದನ್ನ ಮರೀಬೇಡಿ,” ಎಂದು ಎರಡು ಸಲ ಹೇಳಿದ. ಕೆಟ್ಟದ್ದನ್ನು ಒಂದೊಂದಾಗಿ ತೆಗೆಯಬೇಕು ಎಂದು ದ್ರಾಕ್ಷಾಯಣಮ್ಮ ಅರ್ಥ ಮಾಡಿಕೊಂಡರು. ಒಂದು ಹೊರಗಿರುವಾಗ ಇನ್ನೊಂದನ್ನು, ಅದು ಒಳ್ಳೆಯದಾದರೂ, ಎಳೆಯಬಾರದು ಎಂಬುದು ಅವನ ಮಾತು. ಅವನು ಹೇಳಿದ್ದೂ ಇವರು ತಿಳಿದದ್ದೂ ಒಂದೇ ಅಲ್ಲ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಆರೈಕೆಗೆ ಮಂಗಳವಾರ ಗೊತ್ತಾಯಿತು. ಮಂಗಳವಾರ ಯಾರೂ ಶುಭಕಾರ್ಯಕ್ಕೆ ಕೈಹಾಕುವುದಿಲ್ಲ. ಮದುವೆಯ ಕ್ಯಾಸೆಟ್ಟನ್ನು ಮಿಕ್ಸಿಂಗಿಗೆ ಕೊಡುವುದಕ್ಕೂ ಆ ದಿನ ಯಾರೂ ಬರುವುದಿಲ್ಲ. ಒಂಬತ್ತಕ್ಕೆ ಬಂದು ದ್ರಾಕ್ಷಾಯಣಮ್ಮ ಕೋಣೆಯ ಬೀಗ ತೆಗೆಯುತ್ತಿದ್ದರು. ಬೀಗದ ಕೈ ಅವರ ಸೆರಗಿನ ತುದಿಯಲ್ಲೇ ಇರುತ್ತಿತ್ತು, ಯೋಗೀಶನ ಹತ್ತಿರವೂ ಇನ್ನೊಂದು ಇರಲಿಲ್ಲ. ರಸ್ತೆಯಾಚೆಯ ನಾರಿನ ಫ್ಯಾಕ್ಟರಿಯಿಂದ ಹಾರಿ ಬರುವ ಕಂದು ಧೂಳು ಎಷ್ಟು ಕಿಟಕಿ ಮುಚ್ಚಿದರೂ ಪೆಟ್ಟಿಗೆಯ ಮೂತಿಯ ಸ್ಪಂಜಿಗೆ ಮೆತ್ತಿಕೊಂಡಿರುತ್ತಿತ್ತು. ಅದನ್ನು ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಕಿಟಕಿಯ ಬಿಸಿಲಿಗೆ ಹಾಕುವುದು, ಬ್ಲೋವರ್ ಹಿಡಿದು ಒಳಗಿನ ಫ್ಯಾನುಗಳ ಧೂಳು ಊದುವುದು, ಯುಪಿಎಸ್ ಬ್ಯಾಟರಿಗೆ ನೀರು ಬೇಕೇ ಎಂದು ನೋಡುವುದು, ಎಂಟೂ ಗೂಡಿಗೆ ಮುಂಗೈ ತಾಗಿಸಿ ಬಿಸಿ ಎಷ್ಟಿದೆ ಎಂದು ತಿಳಿಯುವುದು. ಆಮೇಲೆ ಕಿವಿಯಿಟ್ಟು ಕೇಳುವುದು. ಇದನ್ನು ಕಾಂತೇಶ್ ಹೇಳಿಕೊಟ್ಟಿರಲಿಲ್ಲ.

ಅದು ಮುಗಿದರೆ ಫೋನಿನ ಕೆಲಸ. ಮುಗಿದ ಮದುವೆಗಳನ್ನು ಬಿಡಿ ಡಿಸ್ಕಿಗೆ ಇಳಿಸಿ, ಮನೆಯವರು ಡಿವಿಡಿ ನೋಡಿ ಒಪ್ಪಿದ ಮೇಲೆ ಅಟ್ಟದಿಂದ ಅಳಿಸಬೇಕು. ಇಲ್ಲದಿದ್ದರೆ ಹೊಸ ಮದುವೆಗೆ ಜಾಗ ಇರುವುದಿಲ್ಲ. ಈ ವಿಷಯದಲ್ಲಿ ದ್ರಾಕ್ಷಾಯಣಮ್ಮ ತಾವೇ ಒಂದು ಕಾನೂನು ಮಾಡಿಕೊಂಡಿದ್ದರು. ಗಂಡಸರು ಅಳಿಸಿ ಎಂದರೆ ಅಳಿಸುತ್ತಿರಲಿಲ್ಲ. ಗಂಡಸರು ನೋಡದೆಯೇ ನೋಡಿದ್ದೇವೆ ಎನ್ನುತ್ತಾರೆ. “ಮನೇಲಿ ಹೆಂಗಸ್ರ ಕೈಗೆ ಕೊಡಿ ಫೋನ್ನ,” ಎನ್ನುತ್ತಿದ್ದರು. ಹೆಂಗಸರು ಕೂಡಲೇ ಬಿಡುತ್ತಿರಲಿಲ್ಲ. ಸೋದರತ್ತೆ ಒಂದು ಕಡೆಯೂ ಬಂದಿಲ್ಲ ಎಂಬ ದೂರು, ಬೀಗರು ಊಟ ಸರಿಯಿಲ್ಲ ಎಂದು ಮೂತಿ ತಿರುಗಿಸಿದ್ದು ಸರಿಯಾಗಿ ಬಂದಿದೆ, ಅದನ್ನು ಮಾತ್ರ ತೆಗೆಯಬೇಡಿ ಎಂಬ ಕೋರಿಕೆ. ದಂಡಿನಶಿವರದ ಶ್ರೀರಂಗಯ್ಯ ಎನ್ನುವವರು ತಮ್ಮ ಷಡ್ಡಕನನ್ನು ಮದುವೆಯಿಡೀ ಎಲ್ಲಿದ್ದರೂ ಹುಡುಕಿ ಕತ್ತರಿಸಿಹಾಕಬೇಕೆಂದು ಮೂರು ವಾರ ಫೋನು ಮಾಡಿದರು. ದ್ರಾಕ್ಷಾಯಣಮ್ಮ ಎಲ್ಲವನ್ನೂ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಂಡು, ಹೆಂಗಸರು ಹೂಂ ಎಂದ ಮೇಲೆಯೇ ಅಳಿಸುತ್ತಿದ್ದರು. ಮೂರು ವರ್ಷದಲ್ಲಿ ಒಂದು ಮದುವೆಯೂ ಅವರ ಕೈಯಲ್ಲಿ ತಪ್ಪಿ ಅಳಿಸಿಹೋಗಿರಲಿಲ್ಲ. ಇದು ಅವರಿಗೆ ಹೆಮ್ಮೆಯ ವಿಷಯವೇ ಆಗಿತ್ತು. ಅಡುಗೆ, ಅಟ್ಟ, ಮಕ್ಕಳು ಎಲ್ಲವೂ ಮನೆಯ ಕೆಲಸ. ಚೆನ್ನಾಗಿ ಮಾಡಿದರೆ ಯಾರೂ ಹೇಳುವುದಿಲ್ಲ. ಇಲ್ಲಿ ಮಾತ್ರ ನಾಲ್ಕು ಜನ ಓದಿದವರು, ದ್ರಾಕ್ಷಾಯಣಮ್ಮನನ್ನು ಕೇಳಿ ಆಮೇಲೆ ಅಳಿಸೋಣ ಎನ್ನುತ್ತಿದ್ದರು.

ಆ ನಾಲ್ವರಲ್ಲಿ ಅನುಪಮಾ ಚಿಕ್ಕವಳು. ಇಪ್ಪತ್ತಮೂರು ವರ್ಷ, ಅಮ್ಮಸಂದ್ರದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಕೆಲಸ ಚುರುಕು, ಮಾತೂ ಚುರುಕು. ಬಂದ ಮೊದಲ ದಿನವೇ ದ್ರಾಕ್ಷಾಯಣಮ್ಮನವರನ್ನು ದೊಡ್ಡಮ್ಮ ಎಂದು ಕರೆದು, ಅವರ ಬುತ್ತಿಯ ಹುಚ್ಚೆಳ್ಳು ಚಟ್ನಿಯಲ್ಲಿ ಪಾಲು ಕೇಳಿದವಳು. ಮನೆಯಲ್ಲಿ ಮದುವೆ ಮಾತು ಎತ್ತಿದಾಗಲೆಲ್ಲ ಈ ಕೆಲಸವನ್ನೇ ಅಡ್ಡ ಹಿಡಿದು ನಿಲ್ಲಿಸುತ್ತಿದ್ದಳು. ಕೆಲಸ ಹೋದರೆ ಮಾರನೆಯ ದಿನವೇ ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿನ್ನುತ್ತಾರೆ ಎಂದು ತಮಾಷೆಯಾಗಿ ಹೇಳುತ್ತಿದ್ದಳು. ಅದು ತಮಾಷೆಯಲ್ಲ ಎಂದು ದ್ರಾಕ್ಷಾಯಣಮ್ಮನವರಿಗೆ ಗೊತ್ತಿತ್ತು.

ಆ ವರ್ಷದ ವೈಶಾಖದಲ್ಲಿ ಮದುವೆಗಳು ಒಂದರ ಮೇಲೊಂದು ಬಂದವು. ಅಟ್ಟದಲ್ಲಿ ಅರ್ಧಂಬರ್ಧ ಆದ ಹದಿನಾಲ್ಕು ಮದುವೆಗಳಿದ್ದವು. ಮುಗಿಯದ ಮದುವೆಗೆ ಬಿಡಿ ಡಿಸ್ಕಿನಲ್ಲಿ ನಕಲು ಇರುತ್ತಿರಲಿಲ್ಲ. ಕ್ಯಾಸೆಟ್ಟುಗಳೂ ಉಳಿದಿರಲಿಲ್ಲ, ಫೋಟೋಗ್ರಾಫರುಗಳು ವಾಪಸು ಒಯ್ದು, ಅವುಗಳ ಮೇಲೆಯೇ ಮುಂದಿನ ಮದುವೆ ತೆಗೆದಾಗಿತ್ತು. ಅಂದರೆ ಆ ಹದಿನಾಲ್ಕು ಮದುವೆಗಳು ಭೂಮಿಯ ಮೇಲೆ ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ.

ಶನಿವಾರ ಮೂರನೆಯ ಗೂಡಿನ ದೀಪ ಕೆಂಪಾಯಿತು. ದ್ರಾಕ್ಷಾಯಣಮ್ಮ ಹೋಗಿ ಹೇಳಿದರು. ಯೋಗೀಶ ಕಿವಿಗೆ ಫೋನು ಇಟ್ಟುಕೊಂಡೇ, “ಮಂಗಳವಾರ ಹೆಂಗಿದ್ರೂ ತೆಗೀತೀರಲ್ಲ, ಅಷ್ಟೊತ್ತಿಗೆ ಹೊಸದು ತರಿಸ್ತೀನಿ ಬುಡಿ,” ಎಂದ. ತಪ್ಪೇನಲ್ಲ, ಉಳಿದ ಏಳು ನಡೆಸುತ್ತಿದ್ದವು. ಶನಿವಾರ, ಭಾನುವಾರ, ಸೋಮವಾರ ನಾಲ್ಕೂ ಜನ ಎಂದಿನಂತೆ ಕೆಲಸ ಮಾಡಿದರು. ಮೂರು ದಿನದ ಕೆಲಸ ಆ ಏಳರ ಮೇಲೆ ಕೂತಿತು, ಮೂರನೆಯದರ ಮೇಲೆ ಕೂರಲಿಲ್ಲ.

ಮಂಗಳವಾರ ಒಂಬತ್ತೂವರೆಗೆ ದ್ರಾಕ್ಷಾಯಣಮ್ಮ ಹೊಸ ಡಿಸ್ಕನ್ನು ಪಕ್ಕದಲ್ಲಿಟ್ಟುಕೊಂಡು ಕೂತರು. ನೆಲದ ಮೇಲೆ ಟವೆಲ್ ಹಾಸಿದರು. ಮೂರನೆಯದನ್ನು ಎಳೆದು ಟವೆಲ್ಲಿನ ಮೇಲಿಟ್ಟರು. ಕೈ ಸುಡುವಷ್ಟು ಬಿಸಿಯಿತ್ತು. ಹೊಸದನ್ನು ನೂಕುವ ಮೊದಲು ಕೆಳಗಿನ ನಾಲ್ಕನೆಯದರ ಮೇಲೆ ಮುಂಗೈ ಇಟ್ಟು ನೋಡಿದರು. ಅದೂ ಬಿಸಿ. ದೀಪ ಹಸಿರು, ಆದರೆ ಮೂರು ದಿನ ಕೆಟ್ಟದ್ದಕ್ಕೆ ಅಂಟಿಕೊಂಡು ಇದ್ದದ್ದು ಅದು. ಇಪ್ಪತ್ತೆರಡು ವರ್ಷದ ಕೈ ಯಾರನ್ನೂ ಕೇಳಲಿಲ್ಲ. ಒಂದು ನಿಮಿಷ ಗಾಳಿಗಿಟ್ಟು, ಒರೆಸಿ, ಮತ್ತೆ ಅದರ ಜಾಗಕ್ಕೇ ಸೇರಿಸೋಣ ಎಂದು ನಾಲ್ಕನೆಯದನ್ನೂ ಎಳೆದರು.

ಪೆಟ್ಟಿಗೆ ಕಿರುಚಿತು. ಅದೇ ಗಳಿಗೆಗೆ ಆಚೆ ಕೋಣೆಯಿಂದ ಅನುಪಮಾಳ ಕೂಗು ಕೇಳಿತು. ಕೆಲಸ ಬಾಕಿಯಿದೆಯೆಂದು ಅವಳು ಅವತ್ತು ಬೇಗ ಬಂದಿದ್ದಳು. ಬಂದದ್ದು ದ್ರಾಕ್ಷಾಯಣಮ್ಮನವರಿಗೆ ಗೊತ್ತಿರಲಿಲ್ಲ.

“ದೊಡ್ಡಮ್ಮಾ! ಎಲ್ಲಾ ಹೋಯ್ತು! ಒಂದು ಮದ್ವೇನೂ ಕಾಣ್ತಿಲ್ಲ!”

ದ್ರಾಕ್ಷಾಯಣಮ್ಮ ಕೈಗೆ ಸಿಕ್ಕಿದ ಡಿಸ್ಕನ್ನು ಸಿಕ್ಕಿದ ಗೂಡಿಗೆ ನೂಕಿದರು, ಇನ್ನೊಂದನ್ನು ಇನ್ನೊಂದಕ್ಕೆ ನೂಕಿದರು. ಎರಡಕ್ಕೂ ಕೆಂಪು ದೀಪ ಬಂತು. ನೂಕಿದ ಮೇಲೆ ಹೊಳೆಯಿತು: ಟವೆಲ್ಲಿನ ಮೇಲಿದ್ದ ಕೆಟ್ಟದ್ದು ನಾಲ್ಕನೆಯ ಗೂಡಿಗೆ ಹೋಗಿತ್ತು, ಕೈಯಲ್ಲಿದ್ದ ಒಳ್ಳೆಯದು ಮೂರನೆಯದಕ್ಕೆ. ಮತ್ತೆ ಮುಟ್ಟಲು ಕೈ ಬರಲಿಲ್ಲ. ಹೊಸ ಡಿಸ್ಕನ್ನು ಹಾಗೇ ಮೂಲೆಗಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದರು.

ಯೋಗೀಶ ಹತ್ತು ನಿಮಿಷಕ್ಕೆ ಬೈಕಿನಲ್ಲಿ ಬಂದ. ಬಂದವನ ಕಣ್ಣಿಗೆ ಮೊದಲು ಬಿದ್ದದ್ದು ಅನುಪಮಾಳ ಕಂಪ್ಯೂಟರಿಗೆ ಸಿಕ್ಕಿಸಿದ್ದ ಪೆನ್ ಡ್ರೈವು. ಅವಳು ಯಾವುದೋ ಹಾಡು ತಂದಿದ್ದಳು. ಆ ಕಾಲದಲ್ಲಿ ಕಂಪ್ಯೂಟರಿಗೆ ಏನೇ ಆದರೂ ವೈರಸ್ ಎನ್ನುತ್ತಿದ್ದರು, ಮಿಕ್ಸಿ ಕೆಟ್ಟರೂ ವೈರಸ್ ಎನ್ನುವವರಿದ್ದರು.

“ಯಾರ್ ಕೇಳಿ ಹಾಕ್ದೆ ಇದನ್ನ? ಹದಿನಾಲ್ಕು ಮದ್ವೆ! ಹದಿನಾಲ್ಕು ಮನೇರಿಗೆ ನಾನೇನ್ ಮಕ ತೋರ್ಸ್ಲಿ?”

ಅನುಪಮಾಳಿಗೂ ತಾನೇ ಮಾಡಿದ್ದೇನೋ ಎಂಬ ಅನುಮಾನ ಹತ್ತಿತ್ತು. ಪೆನ್ ಡ್ರೈವ್ ಸಿಕ್ಕಿಸುವುದಕ್ಕೂ ಮದುವೆಗಳು ಮಾಯವಾಗುವುದಕ್ಕೂ ಸರಿಹೋಗಿತ್ತು. ದ್ರಾಕ್ಷಾಯಣಮ್ಮ ಗೋಡೆಗೆ ಒರಗಿ ನಿಂತಿದ್ದರು. ನಾನು ಎಂಬ ಒಂದು ಮಾತು ಗಂಟಲವರೆಗೆ ಬಂತು. ಸೆರಗಿನ ತುದಿಯ ಬೀಗದ ಕೈ ಮುಷ್ಟಿಯೊಳಗಿತ್ತು. ಮಾತು ಅಲ್ಲೇ ನಿಂತಿತು.

ಬುಧವಾರ ಮಧ್ಯಾಹ್ನ ಯೋಗೀಶ ಅನುಪಮಾಳಿಗೆ ಇನ್ನು ಬರಬೇಡ ಎಂದ. ಕೂಗಾಡಲಿಲ್ಲ, ತಲೆ ಬಗ್ಗಿಸಿಕೊಂಡು ಹೇಳಿದ. ಅವಳು ಬುತ್ತಿ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಕೆಳಗಿಳಿದಳು. ಕಿಟಕಿಯಲ್ಲಿ ಒಣಗಿದ್ದ ಸ್ಪಂಜನ್ನು ತೆಗೆಯಲು ಹೋದ ದ್ರಾಕ್ಷಾಯಣಮ್ಮನವರಿಗೆ ಎದುರಿನ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಅವಳು ಕೂತದ್ದು ಕಂಡಿತು. ಅಳುತ್ತಿದ್ದಳು. ಒಂದು ಸಲ ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು. ದ್ರಾಕ್ಷಾಯಣಮ್ಮ ಪಕ್ಕಕ್ಕೆ ಸರಿದು ನಿಂತರು. ಅಮ್ಮಸಂದ್ರದ ಬಸ್ಸು ಬರುವುದಕ್ಕೆ ಮುಕ್ಕಾಲು ಗಂಟೆಯಾಯಿತು. ಅಷ್ಟರಲ್ಲಿ ಯಾವಾಗಲಾದರೂ ಮೆಟ್ಟಿಲು ಇಳಿದು ರಸ್ತೆ ದಾಟಿದ್ದರೆ ಆಗುತ್ತಿತ್ತು. ಅವರು ಇಳಿಯಲಿಲ್ಲ.

ಅವತ್ತು ಸಂಜೆ ಕಾಫಿ ಕೊಡುವಾಗ ಗಂಡನಿಗೆ ಎಲ್ಲವನ್ನೂ ಹೇಳಿದರು. ತೋಂಟದಾರ್ಯನವರು ಒಳ್ಳೆಯ ಮನುಷ್ಯ. ಹೆಂಡತಿಯ ಪರವಾಗಿಯೇ ಯೋಚಿಸಿದರು.

“ಯಂತ್ರ ಕಣೇ ಅದು, ಇವತ್ತಲ್ಲ ನಾಳೆ ಕೆಡ್ತಿತ್ತು. ತುಮ್ಕೂರಿಂದ ಬತ್ತಾನಲ್ಲ, ಅವ್ನು ನೋಡ್ತಾನೆ. ನೀನ್ಯಾಕೆ ಮೈಮೇಲೆ ಎಳ್ಕಂತೀಯಾ? ಆ ಹುಡ್ಗಿಗೆ ಇನ್ನೊಂದ್ ಕಡೆ ಕೆಲ್ಸ ಸಿಕ್ತದೆ. ನಿಂಗೆ ಈ ವಯಸ್ಸಲ್ಲಿ ಯಾರ್ ಕೊಡ್ತಾರೆ? ಬುಡು ಅತ್ಲಾಗೆ.”

ಮಾತು ನ್ಯಾಯವಾಗಿಯೇ ಕೇಳಿಸಿತು. ಅದಕ್ಕೇ ದ್ರಾಕ್ಷಾಯಣಮ್ಮನವರಿಗೆ ಅಸಹ್ಯವಾಯಿತು, ಗಂಡನ ಮೇಲಲ್ಲ, ತಮ್ಮ ಮೇಲೆ. ಈ ಮಾತು ಕೇಳುವುದಕ್ಕೆಂದೇ ತಾವು ಅವರಿಗೆ ಹೇಳಿದ್ದು ಎಂದು ತಿಳಿಯಿತು.

ಗುರುವಾರ ಬೆಳಿಗ್ಗೆ ಕಾಂತೇಶ್ ಬಂದ. ಕೋಣೆಯಲ್ಲಿ ಮೊಣಕಾಲೂರಿ ಕೂತು ಪೆಟ್ಟಿಗೆಯ ಮುಂದೆ ತನ್ನ ಕಂಪ್ಯೂಟರ್ ಬಿಚ್ಚಿದ. ಬಹಳ ಹೊತ್ತು ನೋಡಿದ ಮೇಲೆ, ಇದು ವೈರಸ್ಸಿನ ಕೆಲಸವಲ್ಲ, ಎರಡು ಡಿಸ್ಕ್ ಬಿದ್ದಿವೆ ಎಂದ. ಒಂದು ಬಿದ್ದರೆ ನಡೆಯುತ್ತದೆ, ಎರಡು ಬಿದ್ದರೆ ಇಲ್ಲ. ಆದರೆ ಎರಡನೆಯದಾಗಿ ಬಿದ್ದದ್ದು ಯಾವುದು ಎಂದು ಗೊತ್ತಾದರೆ ಅದನ್ನು ಬಲವಂತವಾಗಿ ಎಬ್ಬಿಸಬಹುದು. ಕೊನೆಯವರೆಗಿನ ಕೆಲಸ ಅದರಲ್ಲಿ ಇರುತ್ತದೆ. ಮೊದಲು ಬಿದ್ದದ್ದನ್ನು ಎಬ್ಬಿಸಿದರೆ ಹಳೆಯದೂ ಹೊಸದೂ ಕಲಸಿ, ಇರುವುದೆಲ್ಲ ಹಾಳಾಗುತ್ತದೆ.

“ಒಂದೇ ಸಲ ಆಗೋ ಕೆಲ್ಸ ಯೋಗೀಶಣ್ಣ. ತಪ್ಪಾದ್ರೆ ದೇವ್ರೂ ತಂದ್ಕೊಡಲ್ಲ. ಮೊದ್ಲು ಬಿದ್ದಿದ್ದು ಯಾವ್ದು?”

“ಮೂರನೇದು ಕಣಪ್ಪ. ಶನಿವಾರನೇ ಕೆಂಪಾಗಿತ್ತು, ದ್ರಾಕ್ಷಾಯಣಮ್ಮೋರು ಹೇಳಿದ್ರು ನಂಗೆ.”

“ಸರಿ ಹಾಗಾದ್ರೆ. ಮೂರನೇದು ಬಿಟ್ಟು ನಾಲ್ಕನೇದನ್ನ ಎಬ್ಬಿಸ್ತೀನಿ.”

ಬಾಗಿಲಲ್ಲಿ ಟೀ ಲೋಟ ಹಿಡಿದು ದ್ರಾಕ್ಷಾಯಣಮ್ಮ ನಿಂತಿದ್ದರು. ನಾಲ್ಕನೆಯ ಗೂಡಿನಲ್ಲಿ ಈಗ ಇರುವುದು ಕೆಟ್ಟದ್ದು. ಅದು ಗೊತ್ತಿದ್ದದ್ದು ಲೋಕದಲ್ಲಿ ಅವರೊಬ್ಬರಿಗೇ. ಲೋಟವನ್ನು ನೆಲಕ್ಕಿಟ್ಟರು.

“ತಡಿಯಪ್ಪ. ಮುಟ್ಟಬ್ಯಾಡ. ಅವೆರಡೂ ಅದ್ಲುಬದ್ಲಾಗವೆ. ನಾನೇ ಮಾಡಿದ್ದು.”

ಯೋಗೀಶ ತಿರುಗಿ ನೋಡಿ, ಸಮಾಧಾನ ಮಾಡುವವನಂತೆ ಕೈಯಾಡಿಸಿದ. “ಆ ಹುಡ್ಗೀನ ಉಳ್ಸಕ್ಕೆ ಹೇಳ್ತಿದೀರ, ಗೊತ್ತು ನಂಗೆ. ನಿಮ್ ಕೈಲಿ ಮೂರ್ ವರ್ಷ ಒಂದ್ ತಪ್ಪಾಗಿಲ್ಲ ಕಣ್ರೀ. ಸುಮ್ನಿರಿ.”

ಮೂರು ವರ್ಷ ಕಾಪಾಡಿದ ಹೆಸರೇ ಈಗ ಬಾಯಿಗೆ ಅಡ್ಡ ಬಂತು. ದ್ರಾಕ್ಷಾಯಣಮ್ಮ ಯೋಗೀಶನನ್ನು ಬಿಟ್ಟು ಕಾಂತೇಶನ ಎದುರು ಕೂತರು. ಟವೆಲ್ ಎಲ್ಲಿ ಹಾಸಿದ್ದು, ಯಾವುದನ್ನು ಎಲ್ಲಿಟ್ಟದ್ದು, ಮುಂಗೈಗೆ ಎಷ್ಟು ಬಿಸಿ ಹತ್ತಿದ್ದು, ಯಾವ ಕೈಯಲ್ಲಿ ಯಾವುದು ಇತ್ತು, ಎಲ್ಲವನ್ನೂ ಬಿಡಿಸಿ ಹೇಳಿದರು. ಕಾಂತೇಶ್ ಒಂದೇ ಪ್ರಶ್ನೆ ಕೇಳಿದ.

“ನಾಲ್ಕನೇದು ಚೆನ್ನಾಗಿತ್ತಲ್ಲಮ್ಮ. ಹಸಿರು ದೀಪ ಇತ್ತು. ಅದನ್ನ ಯಾಕ್ ತೆಗೆದ್ರಿ?”

“ಪಕ್ಕದ ಕಾಯಿ ಅಲ್ವೇನಪ್ಪ. ಕೊಳ್ತಿದ್ದರ ಪಕ್ಕದ್ದನ್ನೂ ತೆಗ್ದು ಗಾಳಿಗಿಡ್ಬೇಕು. ನಮ್ಮತ್ತೆ ಹಂಗೇ ಕಲ್ಸಿದ್ದು.”

ಕಾಂತೇಶನ ತಾಯಿಯ ಊರು ಚಿಕ್ಕನಾಯಕನಹಳ್ಳಿ ಕಡೆ. ಅಟ್ಟ ಎಂದರೆ ಏನೆಂದು ಅವನಿಗೆ ಹೇಳಬೇಕಾಗಿರಲಿಲ್ಲ. “ಇಂಥದ್ದನ್ನ ಯಾರೂ ಕತೆ ಕಟ್ಟಿ ಹೇಳಕ್ಕಾಗಲ್ಲ ಯೋಗೀಶಣ್ಣ. ಅಮ್ಮ ಹೇಳ್ತಿರೋದೇ ನಿಜ,” ಎಂದ. ಎರಡನ್ನೂ ಬಿಡಿಸಿ ತಮ್ಮ ತಮ್ಮ ಗೂಡಿಗೆ ಹಾಕಿದ. ಒಳ್ಳೆಯದನ್ನು ಎಬ್ಬಿಸಿದ. ಪೆಟ್ಟಿಗೆ ಗೊಣಗುತ್ತಾ ಎರಡು ನಿಮಿಷ ತೆಗೆದುಕೊಂಡಿತು. ಆಮೇಲೆ ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಬಂದವು, ದಂಡಿನಶಿವರ, ಕಿಬ್ಬನಹಳ್ಳಿ, ನೊಣವಿನಕೆರೆ, ಹುಳಿಯಾರು. ಯೋಗೀಶ ಬೆರಳು ಮಡಿಸುತ್ತಾ ಎಣಿಸಿದ. ಹದಿನಾಲ್ಕೂ ಇದ್ದವು.

ಯೋಗೀಶನ ಸಂತೋಷಕ್ಕೆ ಎಲ್ಲೆಯೇ ಇರಲಿಲ್ಲ. ಕೆಳಗಿನ ಬೇಕರಿಯಿಂದ ದಿಲ್‌ಪಸಂದ್ ತರಿಸಿದ. ಅಮ್ಮಸಂದ್ರಕ್ಕೆ ಫೋನು ಮಾಡಿ ಅನುಪಮಾಳ ತಂದೆಯ ಹತ್ತಿರ ಎರಡೆರಡು ಸಲ ತಪ್ಪಾಯಿತು ಎಂದ. ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟ ದ್ರಾಕ್ಷಾಯಣಮ್ಮನವರಿಗೆ ಅದನ್ನು ವಾಪಸು ಕೊಟ್ಟು, “ನಿಮ್ಮಂಥೋರು ಎಲ್ಲಿ ಸಿಗ್ತಾರೆ? ತಪ್ಪು ಮಾಡಿ ಒಪ್ಕೊಂಡ್ರಲ್ಲ, ಎಷ್ಟ್ ಜನಕ್ಕೆ ಬತ್ತದೆ ಆ ಬುದ್ಧಿ?” ಎಂದ. ಬಂದವರ ಎದುರಿಗೆಲ್ಲ ಇದನ್ನೇ ಹೇಳಿದ. ಸಂಜೆಯ ಹೊತ್ತಿಗೆ ಕೆಳಗಿನ ಬೇಕರಿಯವನಿಗೂ ದ್ರಾಕ್ಷಾಯಣಮ್ಮ ಸತ್ಯವಂತೆಯಾಗಿದ್ದರು. ಒಬ್ಬೊಬ್ಬರು ಹೊಗಳಿದಾಗಲೂ ಅವರಿಗೆ ಆ ಕಲ್ಲು ಬೆಂಚು ಕಣ್ಣಿಗೆ ಬರುತ್ತಿತ್ತು.

ಶುಕ್ರವಾರ ಅನುಪಮಾ ಬಂದಳು. ಎಲ್ಲರೂ ಸುತ್ತುವರಿದು ಮಾತಾಡಿಸಿದರು, ಯೋಗೀಶ ಮತ್ತೊಮ್ಮೆ ತಪ್ಪಾಯಿತು ಎಂದ. ಅವಳು ಎಲ್ಲದಕ್ಕೂ ಪರವಾಗಿಲ್ಲ ಸಾರ್ ಎಂದಳು. ಊಟದ ಹೊತ್ತಿಗೆ ಉಳಿದವರು ಕೆಳಗಿಳಿದ ಮೇಲೆ ದ್ರಾಕ್ಷಾಯಣಮ್ಮ ಬುತ್ತಿ ತೆಗೆದುಕೊಂಡು ಅವಳ ಪಕ್ಕಕ್ಕೆ ಹೋದರು. ಅವಳು ತಲೆ ಎತ್ತಲಿಲ್ಲ.

“ಮಂಗಳವಾರ ಬೆಳಿಗ್ಗೆನೇ ನಿಮ್ಗೆ ಗೊತ್ತಿತ್ತು,” ಎಂದಳು.

“ಗೊತ್ತಿತ್ತು ಕಣವ್ವ.”

“ಬುಧವಾರ ಕಿಟಕೀಲಿ ನೋಡಿದ್ರಿ. ನಾನು ನೋಡ್ದಾಗ ಸರ್ಕೊಂಡ್ರಿ.”

“ಹೂಂ.”

“ಎಲ್ರೂ ನಿಮ್ಮನ್ನ ಹೊಗಳ್ತಾವ್ರೆ. ಮದ್ವೆಗಳು ಹೋಗ್ತಾವೆ ಅಂದಾಗ ಬಾಯ್ ಬಿಟ್ರಿ. ನಾನು ಹೋದಾಗ ಬಿಡ್ಲಿಲ್ಲ.”

ಹೆದರಿದ್ದೆ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಆ ಬೆಂಚಿನ ಮೇಲೆ ಕೂತವಳೂ ಹೆದರಿದ್ದಳು ಎಂಬುದು ಅದಕ್ಕಿಂತ ನಿಜವಾಗಿತ್ತು. ದ್ರಾಕ್ಷಾಯಣಮ್ಮನವರು ಕ್ಷಮಿಸು ಎನ್ನುವ ಮಾತನ್ನು ಜೀವಮಾನದಲ್ಲಿ ತಮಗಿಂತ ಚಿಕ್ಕವರಿಗೆ ಹೇಳಿದವರಲ್ಲ, ಅವತ್ತೂ ಬಾಯಿಗೆ ಬರಲಿಲ್ಲ. ಬುತ್ತಿ ಹಾಗೇ ಇತ್ತು. ಅದರ ಮುಚ್ಚಳ ತೆಗೆಯದೆಯೇ ಕೇಳಿದರು:

“ಮಂಗಳವಾರ ಒಂಬತ್ತಕ್ಕೆ ಬತ್ತೀಯಾ? ಇನ್ಮೇಲೆ ನಾನು ಅಟ್ಟದ ಬಾಗ್ಲು ತೆಗೆಯೋವಾಗೆಲ್ಲ ನೀನು ಪಕ್ಕದಲ್ಲಿ ನಿಂತಿರ್ಬೇಕು.”

“ನಾನ್ಯಾಕೆ? ಡಿಸ್ಕ್ ತೆಗೆಯೋದು ಈಗ ನಿಮ್ಗೆ ಸರ್ಯಾಗಿ ಗೊತ್ತಾಯ್ತಲ್ಲ.”

“ಅದು ಗೊತ್ತಾಯ್ತು. ನಾನು ಸುಮ್ಕಿದ್ಬುಟ್ರೆ ಹೇಳಕ್ಕೆ ಒಬ್ರು ಬೇಕಲ್ಲವ್ವ.”

ಅನುಪಮಾ ತನ್ನ ಡಬ್ಬಿ ತೆಗೆದು ತಾನೊಬ್ಬಳೇ ಊಟ ಮಾಡಿದಳು. ಮಂಗಳವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗ ಅಮ್ಮಸಂದ್ರದ ಬಸ್ಸಿನಿಂದ ಇಳಿದು ಮೇಲೆ ಬಂದಳು. ದ್ರಾಕ್ಷಾಯಣಮ್ಮ ಬೀಗ ತೆಗೆದು ಒಳಗೆ ಹೋಗಿ ಕೂತರು. ಅವಳು ಹೊಸ್ತಿಲ ಹೊರಗೆ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಅವರ ಕೈಗಳನ್ನೇ ನೋಡುತ್ತಾ ನಿಂತಳು.